ಪದಚರ್ಚೆ: ‘ಪೋರ್ಟಬಲ್’ ಎಡಿಟರ್ ಒಯ್ಯುವಂಥದ್ದೋ, ಒಗ್ಗುವಂಥದ್ದೋ?

ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಲ್ಯಾಬ್ ಕೈಪಿಡಿ ಸಿದ್ಧವಾಗುತ್ತಿದೆ. ವಿಮ್ ಎಡಿಟರನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ (ಅದರದು ಇಂಟೆಲ್ ಅಲ್ಲ, ಆರ್ಮ್ ಪ್ರೊಸೆಸರ್) ಕಂಪೈಲ್ ಮಾಡುವ, ಅಂದರೆ ಸೋರ್ಸ್ ಕೋಡಿನಿಂದ ಓಡಿಸಬಹುದಾದ ಫೈಲ್ ತಯಾರಿಸುವ ಅಧ್ಯಾಯದ ಮೊದಲ ಸಾಲಿನ ಕರಡು ಹೀಗಿದೆ: ‘ಈ ಒಯ್ಯಬಲ್ಲ ಪಠ್ಯ ಸಂಪಾದಕವನ್ನು ನಿಮ್ಮ ಗುರಿ ಯಂತ್ರದ ವಾಸ್ತುಶಿಲ್ಪಕ್ಕೆ ತಕ್ಕಂತೆ ಸಂರಚಿಸಿ.’

ಕರಡನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟಾಗ ಎರಡು ಥರದ ತಪ್ಪು ಕಾಣಿಸಿತು. ಕೆಲವರು ಲ್ಯಾಬಿನ ಇಂಟೆಲ್ ಕಂಪ್ಯೂಟರಿನಲ್ಲಿದ್ದ ವಿಮ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಪೈಯಲ್ಲಿ ಓಡಿಸಿದರು. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ (ಈ ಫೈಲಿನ ರೂಪ ಈ ಯಂತ್ರದ್ದಲ್ಲ) ಬಂತು. ಉಳಿದವರು ಕಂಪೈಲಿಗೆ ಮುಂಚೆ ಓಡಿಸುವ ಕಾನ್ಫಿಗರ್ ಸ್ಕ್ರಿಪ್ಟಿಗೆ ‘ಟಾರ್ಗೆಟ್’ ಆಯ್ಕೆ ಕೊಟ್ಟರು. ತಕರಾರಿಲ್ಲದೆ ಕಂಪೈಲ್ ಆಯಿತು, ಪೈಗೆ ಹಾಕಿದರೆ ಮತ್ತೆ ಅದೇ ಎರರ್. ‘ಒಯ್ಯಬಲ್ಲ’ (ಪೋರ್ಟಬಲ್), ‘ಗುರಿ’ (ಟಾರ್ಗೆಟ್), ‘ವಾಸ್ತುಶಿಲ್ಪ’ (ಆರ್ಕಿಟೆಕ್ಚರ್), ‘ಸಂರಚಿಸು’ (ಕಾನ್ಫಿಗರ್) ಈ ನಾಲ್ಕೂ ಪದಗಳ ಬಗ್ಗೆ ತಿಳಿದವರು ಹೇಳಬೇಕು. ವಾಕ್ಯ ತಿದ್ದಿದರೆ ಸಾಕೇ, ಪದಗಳನ್ನೇ ಬದಲಿಸಬೇಕೇ?

ತುಮಕೂರಿನಿಂದ

*

ಮೇಡಂ, ಪದಗಳನ್ನೇ ಬದಲಿಸಬೇಕು. ವಿದ್ಯಾರ್ಥಿಗಳದು ಏನೂ ತಪ್ಪಿಲ್ಲ, ಕೈಪಿಡಿ ಹೇಳಿದ್ದನ್ನೇ ಮಾಡಿದ್ದಾರೆ.

ಮೊದಲು ವ್ಯಾಕರಣ. ‘ಬಲ್ಲ’ ಸೇರಿದಾಗ ಆ ಶಕ್ತಿ ಮುಂದಿನ ನಾಮಪದದ್ದು. ‘ಓದಬಲ್ಲ ಹುಡುಗಿ’ ಎಂದರೆ ಓದುವವಳು ಅವಳೇ. ಹಾಗೆ ನೋಡಿದರೆ ‘ಒಯ್ಯಬಲ್ಲ ಎಡಿಟರ್’ ಎಂದರೆ ಏನನ್ನೋ ಹೊತ್ತೊಯ್ಯುವ ತಾಕತ್ತಿರುವ ಎಡಿಟರ್ ಎಂದಾಯಿತು. ಒಯ್ಯುವವರು ನಾವು, ಒಯ್ಯಿಸಿಕೊಳ್ಳುವುದು ಅದು. ಆದ್ದರಿಂದ ‘ಒಯ್ಯಬಹುದಾದ’ ಎನ್ನಬೇಕು.

ಇಷ್ಟು ತಿದ್ದಿದರೂ ವಿಮ್‌ಗೆ ಆ ಮಾತು ಹೊಂದುವುದಿಲ್ಲ. ಪೋರ್ಟಬಲ್ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ಗುಣಗಳು ಅಡಗಿವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಡಿಟರಿನ ಪೋರ್ಟಬಲ್ ಜಿಪ್ ತೆಗೆದುಕೊಳ್ಳಿ. ಬಿಚ್ಚಿದ ಫೋಲ್ಡರಿನಲ್ಲಿ ‘ಡೂಲೋಕಲ್‌ಕಾನ್ಫ್’ ಎಂಬ ಖಾಲಿ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಅದು ಅಲ್ಲಿರುವ ತನಕ ಎಡಿಟರ್ ತನ್ನ ಸೆಟ್ಟಿಂಗ್‌ಗಳನ್ನು ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಹಾಗಾಗಿ ಪೆನ್‌ಡ್ರೈವಿನಲ್ಲಿ ಊರೂರಿಗೆ ಒಯ್ಯಬಹುದು. ಆದರೆ ಆ ಫೋಲ್ಡರ್ ಒಂದೇ ಬಗೆಯ ಪ್ರೊಸೆಸರಿಗೆ ಕಟ್ಟುಬಿದ್ದಿದೆ. 32 ಬಿಟ್, 64 ಬಿಟ್, ಆರ್ಮ್ 64 ಮೂರಕ್ಕೂ ಜಿಪ್ ಬೇರೆ ಬೇರೆ. ಒಂದರ ಪ್ಲಗಿನ್ ಕೂಡ ಇನ್ನೊಂದರಲ್ಲಿ ತೆರೆಯುವುದಿಲ್ಲ.

ವಿಮ್‌ನ ಗುಣ ಇದಕ್ಕೆ ತದ್ವಿರುದ್ಧ. 1991ರಲ್ಲಿ ಅದು ಹೊರಬಂದದ್ದು ಅಮಿಗಾ ಕಂಪ್ಯೂಟರಿಗೆ, ಅಂದರೆ ಮೊಟೊರೊಲಾ 68000 ವಂಶದ ಪ್ರೊಸೆಸರಿಗೆ. ಇವತ್ತು ಇಂಟೆಲ್, ಆರ್ಮ್, ರಿಸ್ಕ್-ಫೈವ್ ಎಲ್ಲದರ ಮೇಲೂ ಓಡುತ್ತದೆ. ಕಂಪೈಲ್ ಆದ ಫೈಲು ಎಲ್ಲಿಗೂ ಹೋಗುವುದಿಲ್ಲ; ಸೋರ್ಸು ಹೋದ ಕಡೆಯ ಯಂತ್ರಕ್ಕೆ ಹೊಂದಿಕೊಂಡು ಅಲ್ಲಿಗೆ ತಕ್ಕ ಫೈಲಾಗಿ ಹುಟ್ಟುತ್ತದೆ. ಇದಕ್ಕೆ ನಮ್ಮ ಕೋಲಾರದ ಕಡೆ ದಿನಾ ಬಳಸುವ ಮಾತೇ ಇದೆ: ಒಗ್ಗು. ‘ಈ ರಾಗಿ ತಳಿ ನಮ್ಮ ಕೆಮ್ಮಣ್ಣಿಗೆ ಒಗ್ಗುತ್ತೆ’, ‘ಈ ಊರ ನೀರು ನನಗಿನ್ನೂ ಒಗ್ಗಿಲ್ಲ.’ ಒಗ್ಗುವುದು ಆ ವಸ್ತುವೇ ಆದ್ದರಿಂದ ಇಲ್ಲಿ ‘ಬಲ್ಲ’ ಸಲೀಸಾಗಿ ಕೂರುತ್ತದೆ: ಒಗ್ಗಬಲ್ಲ ಎಡಿಟರ್. ಪೋರ್ಟ್ ಮಾಡುವುದಕ್ಕೆ ‘ಒಗ್ಗಿಸು’, ಪೋರ್ಟಬಿಲಿಟಿಗೆ ‘ಒಗ್ಗುವಿಕೆ’. ಯಾವುದಕ್ಕೆ ಎಂಬುದನ್ನು ಚತುರ್ಥಿ ತಾನಾಗಿ ಹೇಳುತ್ತದೆ: ‘ವಿಮ್ ಅನ್ನು ಆರ್ಮ್‌ಗೆ ಒಗ್ಗಿಸಿದರು.’ ಸಂಸ್ಕೃತದ ‘ಸುವಾಹ್ಯ’ವನ್ನು ಕೆಲವರು ಸೂಚಿಸಬಹುದು. ಅದರಲ್ಲಿರುವುದೂ ಹೊರುವ ಅರ್ಥವೇ, ಪೆನ್‌ಡ್ರೈವಿನ ತಪ್ಪು ತಪ್ಪುವುದಿಲ್ಲ.

‘ಗುರಿ’ ಮಾಡಿರುವ ಹಾನಿ ಇನ್ನೂ ಹೆಚ್ಚು. ಕಾನ್ಫಿಗರ್ ಸ್ಕ್ರಿಪ್ಟಿನ ಲೆಕ್ಕದಲ್ಲಿ ‘ಬಿಲ್ಡ್’ ಎಂದರೆ ಕಂಪೈಲ್ ನಡೆಯುವ ಯಂತ್ರ, ‘ಹೋಸ್ಟ್’ ಎಂದರೆ ತಯಾರಾದ ಪ್ರೋಗ್ರಾಂ ಓಡುವ ಯಂತ್ರ. ‘ಟಾರ್ಗೆಟ್’ ಬೇಕಾಗುವುದು ಕಂಪೈಲರಿನಂಥ ಉಪಕರಣಗಳನ್ನು ಕಟ್ಟುವಾಗ ಮಾತ್ರ, ಆ ಕಂಪೈಲರ್ ಮುಂದೆ ಯಾವ ಯಂತ್ರಕ್ಕೆ ಕೋಡ್ ಹೊರಡಿಸಬೇಕು ಎಂದು ತಿಳಿಸಲು. ಎಡಿಟರಿಗೆ ಅದರ ಗೊಡವೆಯೇ ಇಲ್ಲ. ‘ನನ್ನ ಗುರಿ ಯಂತ್ರ ಪೈ’ ಎಂದು ಓದಿದವರು ಟಾರ್ಗೆಟ್ ಕೊಟ್ಟಿದ್ದಾರೆ. ಹೋಸ್ಟ್ ಕೊಡದ ಕಾರಣ ಸ್ಕ್ರಿಪ್ಟ್ ಇಂಟೆಲ್ ಯಂತ್ರವನ್ನೇ ಹಿಡಿದುಕೊಂಡು ಇಂಟೆಲ್ ಫೈಲನ್ನೇ ಕಟ್ಟಿಕೊಟ್ಟಿದೆ.

ವಿದ್ಯಾರ್ಥಿಗಳಿಗೆ ಒಟ್ಲು ಮತ್ತು ಹೊಲ ಎಂದು ಹೇಳಿ ನೋಡಿ. ಸಸಿ ಎಬ್ಬಿಸುವ ಜಾಗ ಒಟ್ಲು, ನಾಟಿ ಮಾಡುವ ಜಾಗ ಹೊಲ. ಬಿಲ್ಡ್ ಒಟ್ಲು, ಹೋಸ್ಟ್ ಹೊಲ. (ಗಡಿಯ ಊರುಗಳಲ್ಲಿ ಸಸಿಗೆ ತೆಲುಗಿನ ‘ನಾರು’ ಎನ್ನುವವರೂ ಇದ್ದಾರೆ, ಕನ್ನಡದಲ್ಲಿ ನಾರು ಬೇರೆಯೇ ಆದ್ದರಿಂದ ಕೈಪಿಡಿಯಲ್ಲಿ ಅದು ಬೇಡ.) ಪಠ್ಯದಲ್ಲಿ ‘ಕಟ್ಟುವ ಯಂತ್ರ’, ‘ಓಡಿಸುವ ಯಂತ್ರ’ ಎಂದು ಬರೆದು, ಆಯ್ಕೆಯ ಹೆಸರನ್ನು ಹೋಸ್ಟ್ ಎಂದೇ ಉಳಿಸಿ. ‘ಆತಿಥೇಯ’ ಹಾಕಿದರೆ ವರ್ಚುವಲ್ ಮಷೀನ್ ಓದಿದವರು ಹೊರಗಿನ ದೊಡ್ಡ ಯಂತ್ರ ಎಂದುಕೊಳ್ಳುತ್ತಾರೆ, ಅರ್ಥ ಪೂರ್ತಿ ಉಲ್ಟಾ.

‘ಸಂರಚಿಸು’ ಬದಲು ‘ಅಣಿಗೊಳಿಸು’ ಇರಲಿ. ಆ ಸ್ಕ್ರಿಪ್ಟ್ ಮಾಡುವ ಕೆಲಸ ದರ್ಜಿ ಅಳತೆ ತೆಗೆದಂತೆ: ಪುಟ್ಟ ಪುಟ್ಟ ಪ್ರೋಗ್ರಾಂ ಬರೆದು, ಕಂಪೈಲ್ ಮಾಡಿ, ಕೆಲವನ್ನು ಓಡಿಸಿ, ಈ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಬರೆದಿಟ್ಟುಕೊಳ್ಳುತ್ತದೆ. ವಿಮ್‌ನಲ್ಲಿ ಮುಗ್ಗರಿಸುವುದು ಇಲ್ಲೇ. ಆರ್ಮ್‌ಗಾಗಿ ಕಂಪೈಲ್ ಆದ ಪರೀಕ್ಷೆಯನ್ನು ಇಂಟೆಲ್ ಯಂತ್ರ ಓಡಿಸಲಾರದು. ಆಗ ಸ್ಕ್ರಿಪ್ಟ್ ‘ಕ್ರಾಸ್-ಕಂಪೈಲಿಂಗ್’ ಎಂದು ಹೇಳಿ, ‘ವಿಮ್_ಸಿವಿ’ ಎಂದು ಶುರುವಾಗುವ ಒಂದು ಹೆಸರನ್ನು ತೋರಿಸಿ, ಉತ್ತರವನ್ನು ನೀವೇ ಕೊಡಿ ಎಂದು ನಿಂತುಬಿಡುತ್ತದೆ. ಉದಾಹರಣೆಗೆ, ಲಿನಕ್ಸ್ ಓಡುವ ಪೈಗೆ ಟುಅಪ್ಪರ್_ಬ್ರೋಕನ್, ಗೆಟ್‌ಸಿಡಬ್ಲ್ಯುಡಿ_ಬ್ರೋಕನ್ ಎರಡಕ್ಕೂ ‘ನೋ’, ಟರ್ಮ್‌ಇನ್ಫೋಗೆ ‘ಯೆಸ್’, ಟಿಗೆಟ್‌ಎಂಟ್‌ಗೆ ‘ಜೀರೋ’, ಮೆಮ್‌ಮೂವ್ ಕುರಿತದ್ದಕ್ಕೆ ‘ಯೆಸ್’. ಅದಕ್ಕೂ ಮೊದಲು ಇಂಟೆಲ್ ಯಂತ್ರದಲ್ಲೇ ಓಡಿ ಆರ್ಮ್ 64ಕ್ಕೆ ಫೈಲ್ ಕಟ್ಟಿಕೊಡುವ ಕ್ರಾಸ್ ಕಂಪೈಲರ್ ಬೇಕು, ಆರ್ಮ್‌ಗೆಂದೇ ಕಟ್ಟಿದ, ಟರ್ಮಿನಲ್ ಪರದೆ ನಿಭಾಯಿಸುವ ಎನ್‌ಕರ್ಸಸ್ ಲೈಬ್ರರಿಯೂ ಬೇಕು. ಇಂಟೆಲ್‌ನ ಎನ್‌ಕರ್ಸಸ್ ಇದೆಯಲ್ಲ ಎಂದು ಬಿಟ್ಟರೆ ಟರ್ಮಿನಲ್ ಲೈಬ್ರರಿ ಸಿಗಲಿಲ್ಲ ಎಂದು ಅಲ್ಲಿಗೇ ನಿಲ್ಲುತ್ತದೆ.

ಹಿಂದೆ ಇಂಟೆಲ್‌ಗೆ ಕಟ್ಟಿದ ಫೋಲ್ಡರಿನಲ್ಲೇ ಆರ್ಮ್‌ಗೆ ಕಟ್ಟಲು ಹೊರಟರೆ ಹಳೆಯ ಅಳತೆಯ ಚೀಟಿ ಕ್ಯಾಶ್ ಫೈಲಿನಲ್ಲಿ ಉಳಿದಿರುತ್ತದೆ, ಹಳೆಯ ಆಬ್ಜೆಕ್ಟ್ ಫೈಲುಗಳೂ ಇರುತ್ತವೆ. ‘ಮೇಕ್ ಡಿಸ್ಟ್‌ಕ್ಲೀನ್’ ಮಾಡಿಯೇ ಶುರುಮಾಡಬೇಕು. ಕೊನೆಗೆ ಇನ್‌ಸ್ಟಾಲ್ ಹಂತದಲ್ಲಿ ಫೈಲಿನಿಂದ ಬೇಡದ ಗುರುತುಗಳನ್ನು ತೆಗೆಯುವ ‘ಸ್ಟ್ರಿಪ್’ ಎಂಬ ಉಪಕರಣವನ್ನೂ ಆರ್ಮ್‌ನದೇ ಎಂದು ಸೂಚಿಸಿ. ಇಂಟೆಲ್‌ನದಾದರೆ ಫೈಲಿನ ರೂಪವೇ ಗೊತ್ತಾಗುತ್ತಿಲ್ಲ ಎನ್ನುತ್ತದೆ.

‘ವಾಸ್ತುಶಿಲ್ಪ’ ಬೇಡವೇ ಬೇಡ, ಅದು ಸೋಮೇಶ್ವರ ದೇವಾಲಯಕ್ಕಿರಲಿ. ‘ಪ್ರೊಸೆಸರ್ ಬಗೆ’ ಸಾಕು.

ಕೋಲಾರದಿಂದ

*

ಕೋಲಾರದ ಸರ್ ಹೇಳಿದ ‘ಒಗ್ಗು’ ನನಗೂ ಒಪ್ಪಿಗೆ. ಎರಡು ಸೇರ್ಪಡೆ, ಒಂದು ಸಣ್ಣ ಆಕ್ಷೇಪ.

ಇಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ 2020ರ 27ನೇ ಆವೃತ್ತಿಯಿಂದ ‘ಪೋರ್ಟಬಲ್ ಡಂಪರ್’ ಇದೆ; ಎಡಿಟರ್ ಬೇಗ ತೆರೆಯಲೆಂದು ಅದರ ಸಿದ್ಧ ಸ್ಥಿತಿಯನ್ನು ಫೈಲಿಗೆ ಬರೆದಿಡುವ ಸೌಲಭ್ಯ ಅದು. ಅದನ್ನು ‘ಒಯ್ಯಬಹುದಾದ’ ಎಂದು ಅನುವಾದಿಸಿದರೆ ದೊಡ್ಡ ಎಡವಟ್ಟು. ಡಂಪ್ ಮಾಡುವ ಕೋಡು ಎಲ್ಲ ಯಂತ್ರಗಳಿಗೂ ಒಗ್ಗುತ್ತದೆ, ಆದರೆ ಅದು ಬರೆದಿಟ್ಟ ಡಂಪ್ ಫೈಲನ್ನು ಬೇರೆಯಾಗಿ ಕಂಪೈಲ್ ಆದ ಇಮ್ಯಾಕ್ಸ್ ಇರುವ ಯಂತ್ರಕ್ಕೆ ಒಯ್ಯುವಂತಿಲ್ಲ. ಅದರೊಳಗೆ ಒಂದು ಗುರುತು ಇದ್ದು, ಅದೇ ಕಂಪೈಲಿನಲ್ಲಿ ಹುಟ್ಟಿದ ಇಮ್ಯಾಕ್ಸ್ ಅಲ್ಲದಿದ್ದರೆ ತೆರೆಯಲು ನಿರಾಕರಿಸುತ್ತದೆ. ಒಗ್ಗುವುದು, ಒಯ್ಯುವುದು ಬೇರೆ ಬೇರೆ ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಎರಡನೆಯದು, ಪ್ರೊಸೆಸರ್ ಬಗೆ ತಿಳಿಯಲು ಕೈಪಿಡಿಯಲ್ಲಿ ‘ಯೂನೇಮ್’ ಆಜ್ಞೆಯೊಂದನ್ನೇ ನಂಬಬೇಡಿ. ಅದು ಹೇಳುವುದು ಕರ್ನಲ್‌ನ, ಅಂದರೆ ಓಎಸ್ ತಿರುಳಿನ ಸಂಗತಿ. ಪೈ 4ರಲ್ಲಿ 32 ಬಿಟ್ ಓಎಸ್ ಹಾಕಿದ್ದರೂ ಕರ್ನಲ್ 64 ಬಿಟ್ ಇರಬಹುದು. ಅಂಥ ಕಡೆ ಆರ್ಮ್ 64ಕ್ಕೆ ಕಟ್ಟಿದ ವಿಮ್ ಹಾಕಿದರೆ ‘ನೋ ಸಚ್ ಫೈಲ್’ ಎನ್ನುತ್ತದೆ. ಫೈಲು ಕಣ್ಣೆದುರೇ ಇದ್ದರೂ ಅದನ್ನು ಎತ್ತಿಕೊಳ್ಳುವ 64 ಬಿಟ್ ಲೋಡರ್ ಅಲ್ಲಿರುವುದಿಲ್ಲ. ‘ಗೆಟ್‌ಕಾನ್ಫ್ ಲಾಂಗ್_ಬಿಟ್’ ಕೊಟ್ಟು 32 ಬಂತೋ 64 ಬಂತೋ ನೋಡಬೇಕು. ಕಟ್ಟಿದ ಮೇಲೆ ‘ಫೈಲ್’ ಆಜ್ಞೆಯಿಂದ ವಿಮ್ ಯಾವ ಬಗೆಗೆ ತಯಾರಾಗಿದೆ ಎಂದು ಪೈಗೆ ಹಾಕುವ ಮೊದಲೇ ಓದಿಕೊಳ್ಳಬಹುದು.

ಆಕ್ಷೇಪ ‘ಅಣಿಗೊಳಿಸು’ ಬಗ್ಗೆ. ಕಂಪೈಲಿಗೆ ಮುಂಚಿನ ಅಳತೆಗೆ ಅದು ಸರಿ. ವಿಮ್‌ಆರ್‌ಸಿ ಫೈಲಿನಲ್ಲಿ ಟ್ಯಾಬ್ ಅಗಲ, ಬಣ್ಣ ಬದಲಿಸುವುದನ್ನೂ ಕಾನ್ಫಿಗರ್ ಎನ್ನುತ್ತಾರಲ್ಲ, ಅದಕ್ಕೆ ‘ಹೊಂದಿಸು’ ಎಂದು ಬೇರೆ ಪದ ಇಡಿ. ಅಣಿಗೊಳಿಸುವುದು ತಪ್ಪಿದರೆ ಮೊದಲಿಂದ ಕಟ್ಟಬೇಕು, ಹೊಂದಿಸುವುದು ತಪ್ಪಿದರೆ ಸಾಲು ತಿದ್ದಿ ಮತ್ತೆ ತೆರೆದರಾಯಿತು.

ಚಿಕ್ಕಬಳ್ಳಾಪುರದಿಂದ

*

ಸರ್, ಇಬ್ಬರಿಗೂ ವಂದನೆಗಳು. ‘ಪಠ್ಯ ಸಂಪಾದಕ’ವನ್ನೂ ತೆಗೆದಿದ್ದೇನೆ, ಓದಿದವರಿಗೆ ಪತ್ರಿಕೆಯ ಸಂಪಾದಕರೇ ಕಣ್ಣಿಗೆ ಬರುತ್ತಾರೆ. ತಿದ್ದಿದ ಸಾಲು:

‘ವಿಮ್ ಹಲವು ಪ್ರೊಸೆಸರ್ ಬಗೆಗಳಿಗೆ ಒಗ್ಗಬಲ್ಲ ಎಡಿಟರ್. ಓಡಿಸುವ ಯಂತ್ರ 32 ಬಿಟ್ಟೋ 64 ಬಿಟ್ಟೋ ಮೊದಲು ನೋಡಿಕೊಳ್ಳಿ. ಆ ಬಗೆಯನ್ನು ಹೋಸ್ಟ್ ಆಯ್ಕೆಯಲ್ಲಿ ಕೊಟ್ಟು, ಕಟ್ಟುವ ಯಂತ್ರದಲ್ಲಿ ಸೋರ್ಸನ್ನು ಅಣಿಗೊಳಿಸಿ. ಟಾರ್ಗೆಟ್ ಆಯ್ಕೆಯನ್ನು ಮುಟ್ಟಬೇಡಿ.’

ಪಕ್ಕದಲ್ಲಿ ಒಟ್ಲು-ಹೊಲದ ಚಿತ್ರವೂ ಇರುತ್ತದೆ.

ತುಮಕೂರಿನಿಂದ