ಗನ್‌ಸ್ಮಿತ್ ಜೊತೆ ಕೂತು ಸ್ವಂತ ರೈಫಲ್ ಕಟ್ಟುವುದು: ಯಾವ ಕೆಲಸ ನಿಮ್ಮದು, ಯಾವುದು ಅವರದು?

ಪ್ರಶ್ನೆ: ನಮಸ್ಕಾರ ಸರ್. ನನಗೆ ಲೈಸೆನ್ಸ್ ಇದೆ, ಟಾರ್ಗೆಟ್ ಶೂಟಿಂಗ್ ಮಾಡುತ್ತೇನೆ. ಒಬ್ಬ ಗನ್‌ಸ್ಮಿತ್ (ಬಂದೂಕು ಮಾಡುವ, ರಿಪೇರಿ ಮಾಡುವ ಕುಶಲಕರ್ಮಿ) ಹತ್ತಿರ ಕೂತು ನನ್ನದೇ ಒಂದು ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಹೊಡೆತಕ್ಕೂ ಕೈಯಿಂದ ಬೋಲ್ಟ್ ಎಳೆದು ತೋಟಾ ಏರಿಸುವಂಥದ್ದು) ಕಟ್ಟಬೇಕು ಅಂತ ಆಸೆ. ಆದಷ್ಟು ಕೆಲಸ ನಾನೇ ಮಾಡಬೇಕು. ಅಂಗಡಿ ರೈಫಲ್‌ಗಿಂತ ಖರ್ಚು ಕಡಿಮೆ ಬೀಳುತ್ತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. ಕಡಿಮೆ ಬೀಳುವುದಿಲ್ಲ, ಜಾಸ್ತಿಯೇ ಆಗುತ್ತದೆ. ಗುರಿಯ ಲೆಕ್ಕದಲ್ಲಿ ನೋಡಿದರೂ ಈಗಿನ ಸಾಧಾರಣ ಫ್ಯಾಕ್ಟರಿ ರೈಫಲ್‌ಗಳು ಚೆನ್ನಾಗಿಯೇ ಹೊಡೆಯುತ್ತವೆ. ನಿಮಗೆ ಸಿಗುವ ಲಾಭ ಬೇರೆ. ನಿಮ್ಮ ಕೈ, ಭುಜ, ಕಣ್ಣಿಗೆ ಅಳತೆ ತೆಗೆದು ಮಾಡಿದ ರೈಫಲ್ ಸಿಗುತ್ತದೆ. ಅದು ಬೇಡ ಅಂದರೆ ಈ ಉಸಾಬರಿಯೇ ಬೇಡ.

ಎರಡನೆಯದು ಕಾನೂನು. ಯಾವ ಬಿಡಿಭಾಗಕ್ಕೆ ಪರವಾನಗಿ ಬೇಕು ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ರಿಸೀವರ್ (ಬೋಲ್ಟ್ ಓಡಾಡುವ, ಬ್ಯಾರಲ್ ಕೂರುವ ಲೋಹದ ಚೌಕಟ್ಟು) ಅನ್ನೇ ಬಂದೂಕು ಅಂತ ಲೆಕ್ಕ ಹಿಡಿಯುತ್ತಾರೆ. ಬ್ರಿಟನ್‌ನಲ್ಲಿ ಬ್ಯಾರಲ್ ಮತ್ತು ಬೋಲ್ಟ್ ಕೂಡ ಲೆಕ್ಕಕ್ಕೆ ಬರುತ್ತವೆ. ಕೆಲವು ಕಡೆ ಗನ್‌ಸ್ಮಿತ್ ಹೆಸರಿನಲ್ಲೇ ಎಲ್ಲವೂ ಇರಬೇಕು. ಯಾವುದಕ್ಕೂ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಆಮೇಲೆ ಕಾರ್ಟ್ರಿಜ್, ಅಂದರೆ ತೋಟಾ ಯಾವುದು ಅಂತ ನಿರ್ಧರಿಸಿ. ಎಷ್ಟೋ ಜನ ಚೆಂದದ ಆಕ್ಷನ್ (ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ) ಕಣ್ಣಿಗೆ ಬಿತ್ತು ಅಂತ ಅದನ್ನೇ ಮೊದಲು ಹಿಡಿದುಕೊಂಡು ಬರುತ್ತಾರೆ. ಅದು ತಿರುಗುಮುರುಗು. .308 ವಿಂಚೆಸ್ಟರ್ ತೋಟಾದ ಒಟ್ಟು ಉದ್ದ ಸುಮಾರು 71 ಮಿ.ಮೀ., .30-06ರದ್ದು ಸುಮಾರು 85. ಎರಡನೆಯದು ಶಾರ್ಟ್ ಆಕ್ಷನ್‌ನಲ್ಲಿ ಹಿಡಿಸುವುದೇ ಇಲ್ಲ. ಬ್ಯಾರಲ್ ಒಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳ ತಿರುವನ್ನೂ ಗುಂಡನ್ನು ನೋಡಿಯೇ ಆರಿಸಬೇಕು. ಗುಂಡು ಉದ್ದ ಆದಷ್ಟೂ ತಿರುವು ಬಿಗಿಯಾಗಬೇಕು. 6.5 ಕ್ರೀಡ್‌ಮೋರ್‌ಗೆ ಸಾಮಾನ್ಯವಾಗಿ 8 ಇಂಚಿಗೊಂದು ಸುತ್ತು ಇರುವುದು ಅದಕ್ಕೇ.

ಇನ್ನು ಕೆಲಸದ ಹಂಚಿಕೆ. ಮರದ ಕೆಲಸವೆಲ್ಲ ನಿಮ್ಮದು. ಒತ್ತಡ ತಡೆಯುವ ಉಕ್ಕಿನ ಕೆಲಸವೆಲ್ಲ ಅವರದು. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಪ್ರಶ್ನೆ: ನಾನು 5 ಅಡಿ 1 ಇಂಚು ಇದ್ದೇನೆ ಸರ್. ಕ್ಲಬ್ಬಿನ ಯಾವ ರೈಫಲ್ ಹಿಡಿದರೂ ಕತ್ತು ಚಾಚಬೇಕಾಗುತ್ತದೆ. ಅಭ್ಯಾಸ ಸಾಲದು ಅನ್ನುತ್ತಾರೆ. ನಿಜವಾ?

ಉತ್ತರ: ಇಲ್ಲ ಮೇಡಂ, ಅದು ಸ್ಟಾಕ್ (ಭುಜಕ್ಕೆ ಒರಗಿಸುವ ಮರದ ಭಾಗ) ಉದ್ದ ಆಗಿರುವ ಲಕ್ಷಣ. ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯವರೆಗಿನ ಅಳತೆಯನ್ನು ಪುಲ್ ಅನ್ನುತ್ತೇವೆ. ಫ್ಯಾಕ್ಟರಿ ರೈಫಲ್‌ಗಳಲ್ಲಿ ಅದು ಹೆಚ್ಚಾಗಿ ಹದಿಮೂರೂವರೆ ಇಂಚಿನ ಆಸುಪಾಸು ಇರುತ್ತದೆ. ನಿಮ್ಮ ಎತ್ತರದವರಿಗೆ ಒಂದು ಇಂಚು ಕಡಿಮೆ ಬೇಕಾಗುವುದು ಮಾಮೂಲು. ಮೊಣಕೈ ಮಡಚಿ ಅಳೆಯುವ ಪದ್ಧತಿಯನ್ನು ನಾನು ನಂಬುವುದಿಲ್ಲ. ಶೂಟ್ ಮಾಡುವಾಗ ಹಾಕುವ ಜಾಕೆಟ್ ಹಾಕಿಕೊಂಡೇ ಅಳತೆಗೆ ಹೋಗಿ. ದಪ್ಪ ಜಾಕೆಟ್ ಸುಮ್ನೆ ಅರ್ಧ ಇಂಚು ನುಂಗಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಖಾಲಿ ರೈಫಲ್, ಚೇಂಬರ್ (ತೋಟಾ ಕೂರುವ ಜಾಗ) ಎರಡು ಸಲ ನೋಡಿ, ಸುರಕ್ಷಿತ ದಿಕ್ಕಿಗೆ ಹಿಡಿದು ಕಣ್ಣು ಮುಚ್ಚಿ ಭುಜಕ್ಕೇರಿಸಿ. ಕೆನ್ನೆ ಆರಾಮಾಗಿ ಕೂತ ಮೇಲೆ ಕಣ್ಣು ಬಿಡಿ. ಸ್ಕೋಪಿನ ಪೂರ್ತಿ ವೃತ್ತ ಕಾಣಬೇಕು. ಅಂಚಿನಲ್ಲಿ ಕಪ್ಪು ನೆರಳು ಕಂಡರೆ ಕೆನ್ನೆ ಇಡುವ ಜಾಗದ ಎತ್ತರವೋ, ಸ್ಕೋಪ್ ಕೂರಿಸಿದ ಜಾಗವೋ ತಪ್ಪಿದೆ. ಯಾವ ಕಣ್ಣು ಬಲವಾದದ್ದು ಅಂತಲೂ ನೋಡಿಸಿಕೊಳ್ಳಿ. ಬಲಗೈಯವರಿಗೆ ಎಡಗಣ್ಣು ಮುಂದಾಗಿರುವುದು ಅಪರೂಪವೇನಲ್ಲ.

ಪ್ರಶ್ನೆ: ಮರ ಯಾವುದು ತೆಗೆದುಕೊಳ್ಳಲಿ? ವಾಲ್ನಟ್ಟೇ ಆಗಬೇಕಾ?

ಉತ್ತರ: ಆಗಲೇಬೇಕು ಅಂತಿಲ್ಲ. ಆದರೆ ವಾಲ್ನಟ್ ಹಗುರ, ಗಟ್ಟಿ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಎಲ್ಲರೂ ಚಿತ್ತಾರ ನೋಡಿ ಮರುಳಾಗುತ್ತಾರೆ. ನೀವು ಮೊದಲು ಹಿಡಿಯ ಹತ್ತಿರದ ಸಣ್ಣ ಭಾಗ ನೋಡಿ. ಅಲ್ಲಿ ಎಳೆ ನೇರವಾಗಿ ಉದ್ದಕ್ಕೆ ಓಡಬೇಕು. ಅಡ್ಡ ಹೋಗಿದ್ದರೆ ಎಂಥ ಸುಂದರಿ ಆದರೂ ಬೇಡ, ಒಂದಲ್ಲ ಒಂದು ದಿನ ಅಲ್ಲೇ ಸೀಳುತ್ತದೆ. ಚಿತ್ತಾರ ಹಿಂಬದಿಗೆ ಇರಲಿ. ತೇವಾಂಶ ಮೀಟರ್‌ನಲ್ಲಿ ಸುಮಾರು 8ರಿಂದ 12 ಶೇಕಡಾ ತೋರಿಸಬೇಕು. ಹಸಿ ಮರ ಆಮೇಲೆ ತಿರುಚಿಕೊಳ್ಳುತ್ತದೆ.

ಮೊದಲ ಸಲ ಆದರೆ ಇಡೀ ಹಲಗೆಯಿಂದ ಕೆತ್ತಲು ಹೋಗಬೇಡಿ. ಯಂತ್ರದಲ್ಲಿ ಮುಕ್ಕಾಲುಪಾಲು ಕೊರೆದಿರುವ ಸ್ಟಾಕ್ ಸಿಗುತ್ತದೆ, ಅದೇ ಸಾಕು. ಕಲಿಯುವುದೆಲ್ಲ ಉಳಿದ ಆ ಸ್ವಲ್ಪದಲ್ಲೇ ಇರುತ್ತದೆ.

ಪ್ರಶ್ನೆ (ಮೊದಲು ಕೇಳಿದವರೇ): ಆ ‘ಸ್ವಲ್ಪ’ದಲ್ಲಿ ನಿಜವಾಗಿ ಏನು ಮಾಡಬೇಕು ಸರ್? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಇದು ನನಗೆ ತುಂಬಾ ಇಷ್ಟದ ಕೆಲಸ, ಹಾಗಾಗಿ ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ಆಕ್ಷನ್‌ನ ಅಡಿಭಾಗಕ್ಕೆ ಕಪ್ಪು ಮಸಿಯನ್ನೋ ಪ್ರಷ್ಯನ್ ನೀಲಿಯನ್ನೋ ತೆಳ್ಳಗೆ ಸವರುತ್ತೀರಿ. ತಿರುಪಿನ ತೂತಿಗೆ ಗೈಡ್ ಪಿನ್ ಹಾಕಿ, ನೇರವಾಗಿ ಮರಕ್ಕಿಳಿಸಿ, ಮೆತ್ತಗೆ ಒತ್ತಿ, ನೇರವಾಗಿಯೇ ಎತ್ತುತ್ತೀರಿ. ಮರದ ಮೇಲೆ ಎಲ್ಲೆಲ್ಲಿ ಮಸಿ ಅಂಟಿದೆಯೋ ಅಲ್ಲಿ ಮರ ಎತ್ತರ ಇದೆ ಅಂತ ಅರ್ಥ. ಆ ಚುಕ್ಕೆಗಳನ್ನು ಮಾತ್ರ ಸ್ಕ್ರೇಪರ್‌ನಿಂದ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಇಳಿಸು, ಮತ್ತೆ ಕೆರೆ. ಶುರುವಿನಲ್ಲಿ ನಾಲ್ಕೇ ಚುಕ್ಕೆ ಬೀಳುತ್ತವೆ. ಕೆಲಸ ಮುಗಿಯುವ ಹೊತ್ತಿಗೆ ತಳವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ತುಂಬಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ ದೊಡ್ಡ ಉಳಿ ಎತ್ತಿಕೊಳ್ಳುವ ಮನಸ್ಸಾಗುತ್ತದೆ. ಆಗ ಎದ್ದು ಹೊರಗೆ ಹೋಗಿ ಬನ್ನಿ.

ಎರಡು ಜಾಗದಲ್ಲಿ ಬಿಗಿ ಇರಲೇಬಾರದು. ಒಂದು, ಆಕ್ಷನ್‌ನ ಬಾಲ, ಅಂದರೆ ಟ್ಯಾಂಗ್. ಅದರ ಹಿಂದೆ ಕೂದಲೆಳೆಯಷ್ಟು ಸಂದು ಬಿಡಲೇಬೇಕು. ಇಲ್ಲದಿದ್ದರೆ ಪ್ರತಿ ಹೊಡೆತಕ್ಕೂ ಅದು ಹಿಂದಕ್ಕೆ ಒದ್ದು ಸ್ಟಾಕನ್ನು ಸೀಳುತ್ತದೆ. ಎರಡು, ಬ್ಯಾರಲ್. ಅದಕ್ಕೂ ಮರಕ್ಕೂ ನಡುವೆ ಒಂದು ಕಾಗದ ಮುಂತುದಿಯಿಂದ ಚೇಂಬರ್ ಹತ್ತಿರದವರೆಗೂ ಸರಾಗವಾಗಿ ಜಾರಬೇಕು. ಬಿಗಿ ಬೇಕಾಗಿರುವುದು ರಿಕಾಯಿಲ್ ಲಗ್ (ಆಕ್ಷನ್ ಕೆಳಗೆ ಚಾಚಿಕೊಂಡ ಉಕ್ಕಿನ ತುಂಡು) ಇದರ ಹಿಂಬದಿಯ ಮುಖಕ್ಕೆ. ಒದೆತವನ್ನೆಲ್ಲ ಮರಕ್ಕೆ ದಾಟಿಸುವುದು ಅದೇ. ಲಗ್‌ನ ಮುಂದೆ, ಪಕ್ಕ, ಕೆಳಗೆ ಟೇಪ್ ಅಂಟಿಸಿ ಸಂದು ಇಟ್ಟುಕೊಳ್ಳುತ್ತೇವೆ.

ಕೊನೆಗೆ ಎಪಾಕ್ಸಿ ಬೆಡ್ಡಿಂಗ್, ಅಂದರೆ ಆಕ್ಷನ್ ಕೂರುವ ಜಾಗಕ್ಕೆ ಅಂಟು ತುಂಬಿ ಅಚ್ಚುಕಟ್ಟಾಗಿ ಕೂರಿಸುವುದು. ಅಂಟು ಹಾಕುವ ಮೊದಲು ಲೋಹದ ಪ್ರತಿಯೊಂದು ಮೂಲೆಗೂ ರಿಲೀಸ್ ಏಜೆಂಟ್ (ಅಂಟು ಹಿಡಿಯದಂತೆ ತಡೆಯುವ ಲೇಪ) ಹಚ್ಚಿ, ತೂತುಗಳಿಗೆಲ್ಲ ಜೇಡಿ ತುಂಬಿ. ಒಂದು ತಿರುಪು ಮರೆತರೂ ರೈಫಲ್ ಮತ್ತು ಸ್ಟಾಕ್ ಶಾಶ್ವತವಾಗಿ ಒಂದಾಗುತ್ತವೆ. ಗಟ್ಟಿಯಾದ ಮೇಲೆ ಬ್ಯಾರಲ್ ಮತ್ತು ಮರ ಸೇರುವ ಕಡೆ ಬೆರಳಿಟ್ಟು ಮುಂದಿನ ತಿರುಪನ್ನು ಬಿಗಿ ಮಾಡಿ, ಸಡಿಲಿಸಿ. ಬೆರಳಿಗೆ ಅಲುಗಾಟ ತಿಳಿದರೆ ಬೆಡ್ಡಿಂಗ್ ಆಕ್ಷನ್ ಅನ್ನು ಬಗ್ಗಿಸುತ್ತಿದೆ. ಮತ್ತೆ ಮಾಡಿ.

ಪ್ರಶ್ನೆ: ಹೆಡ್‌ಸ್ಪೇಸ್ ಗೇಜ್ ಕೊಂಡರೆ ಆ ಕೆಲಸವನ್ನೂ ನಾವೇ ಮಾಡಬಹುದಲ್ವಾ? ವಿಡಿಯೋದಲ್ಲಿ ಸುಲಭ ಕಾಣುತ್ತದೆ.

ಉತ್ತರ: ಹೆಡ್‌ಸ್ಪೇಸ್ ಅಂದರೆ ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಳತೆ. ಗೇಜ್ ಹಾಕಿ ನೋಡುವುದು ಸುಲಭವೇ. ಗೋ ಗೇಜ್ ಹಾಕಿದಾಗ ಬೋಲ್ಟ್ ಮುಚ್ಚಬೇಕು, ನೋ-ಗೋ ಹಾಕಿದಾಗ ಮುಚ್ಚಬಾರದು. .308ರಲ್ಲಿ ಈ ಎರಡು ಗೇಜ್‌ಗಳ ನಡುವಿನ ಅಂತರ ನಾಲ್ಕು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ ಸುಮಾರು 0.1 ಮಿ.ಮೀ. ಲೇತ್ ಮೇಲೆ ಚೇಂಬರ್ ಕೊರೆಯುವವನು ಆ ಅಂತರದೊಳಗೆ ನಿಲ್ಲಬೇಕು. ಜಾಸ್ತಿ ಕೊರೆದರೆ ತೋಟಾದ ಕೇಸ್ (ಹೊರಗಿನ ಲೋಹದ ಕವಚ) ಹಿಂದಕ್ಕೆ ಎಳೆದು ಹರಿಯಬಹುದು. ಈ ತೋಟಾದ ಗರಿಷ್ಠ ಒತ್ತಡ 62,000 ಪಿ.ಎಸ್.ಐ. ಕಾರಿನ ಟೈರಿನಲ್ಲಿ ಇರುವುದು ಮೂವತ್ತರ ಆಸುಪಾಸು. ಕೇಸ್ ಹರಿದರೆ ತೋಟಾದ ಆ ಅನಿಲ ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ ದಾರಿ ಹುಡುಕುತ್ತದೆ. ಪಕ್ಕದಲ್ಲಿ ನಿಂತು ನೋಡಿ, ಗೇಜ್ ನೀವೇ ಹಾಕಿ ಕೈಗೆ ಹೇಗೆ ತಿಳಿಯುತ್ತದೆ ಅಂತ ಕಲಿಯಿರಿ. ಕೊರೆಯುವುದು ಅವರಿಗೇ ಇರಲಿ. ಟ್ರಿಗರ್ ಒಳಗೂ ಅಷ್ಟೇ, ಅರ ಹಾಕಬೇಡಿ.

ಪ್ರಶ್ನೆ: ಅಜ್ಜನ ಕಾಲದ ಮಿಲಿಟರಿ ರೈಫಲ್ ಒಂದಿದೆ. ಅದರ ಆಕ್ಷನ್ ಬಳಸಬಹುದಾ?

ಉತ್ತರ: ಯಾವುದು ಅನ್ನುವುದರ ಮೇಲೆ ಹೋಗುತ್ತದೆ. 1898ರ ಮೌಸರ್ ವಿನ್ಯಾಸ ಇವತ್ತಿಗೂ ಮೇಲು. ಅದರಲ್ಲಿ ಮೂರನೆಯ ಸೇಫ್ಟಿ ಲಗ್ (ಬೋಲ್ಟ್ ಹಿಂದಕ್ಕೆ ಹಾರದಂತೆ ಹಿಡಿಯುವ ಹೆಚ್ಚುವರಿ ಚಾಚು) ಇದೆ. ಅದಕ್ಕಿಂತ ಹಿಂದಿನ 93, 95ರ ಮೌಸರ್‌ಗಳಲ್ಲಿ ಅದಿಲ್ಲ, ಅವಕ್ಕೆ ಈಗಿನ ಒತ್ತಡದ ತೋಟಾ ಹಾಕಬೇಡಿ. 1903ರ ಸ್ಪ್ರಿಂಗ್‌ಫೀಲ್ಡ್ ಆಗಿದ್ದರೆ ನಂಬರ್ ನೋಡಿ. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಮಾಡಿದ, 8,00,000ಕ್ಕಿಂತ ಕೆಳಗಿನ ನಂಬರಿನವನ್ನು ಹೊಡೆಯದಿರುವುದು ಒಳ್ಳೆಯದು. ಆಗ ಉಕ್ಕು ಕಾದ ಹದವನ್ನು ಕೆಲಸಗಾರರು ಬಣ್ಣ ನೋಡಿ ಅಂದಾಜು ಮಾಡುತ್ತಿದ್ದರು. ಕೆಲವು ಅತಿಯಾಗಿ ಕಾದು ಪೆಡಸಾಗಿ, ಒಡೆದ ಉದಾಹರಣೆಗಳಿವೆ. ಹೊರಗಿನಿಂದ ನೋಡಿದರೆ ಯಾವುದು ಪೆಡಸು ಅಂತ ನನಗೂ ತಿಳಿಯುವುದಿಲ್ಲ. ಗೋಡೆಗೆ ಚೆಂದ. ಇನ್ನೊಂದು ಮಾತು, ಮೂಲ ರೂಪದಲ್ಲೇ ಉಳಿದಿರುವ ಹಳೆಯ ರೈಫಲ್ ಕತ್ತರಿಸಲು ನನಗಂತೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಮರಕ್ಕೆ ವಾರ್ನಿಶ್ ಹಾಕಲಾ, ಎಣ್ಣೆ ಹಾಕಲಾ?

ಉತ್ತರ: ಎಣ್ಣೆ. ಗೀರು ಬಿದ್ದರೆ ಅಲ್ಲಿ ಮಾತ್ರ ಉಜ್ಜಿ ಮತ್ತೆ ಹಚ್ಚಬಹುದು. ಮೊದಲು ಒದ್ದೆ ಬಟ್ಟೆಯಲ್ಲಿ ಮರ ಒರೆಸಿ ಒಣಗಿಸಿ. ಸಣ್ಣ ಎಳೆಗಳು ಮೀಸೆಯ ಹಾಗೆ ನಿಲ್ಲುತ್ತವೆ. ನುಣುಪು ಸ್ಯಾಂಡ್ ಪೇಪರ್‌ನಲ್ಲಿ ತೆಗೆಯಿರಿ, ಎಳೆ ಏಳುವುದು ನಿಲ್ಲುವವರೆಗೆ ಹೀಗೇ ಮಾಡಿ. ಆಮೇಲೆ ಅಗಸೆ ಎಣ್ಣೆಯೋ ಟಂಗ್ ಎಣ್ಣೆಯೋ, ತೀರಾ ತೆಳ್ಳಗೆ, ಪ್ರತಿ ಸಲ ಪೂರ್ತಿ ಒಣಗಲು ಬಿಟ್ಟು. ಬ್ಯಾರಲ್ ಕೂರುವ ಕಾಲುವೆಗೂ, ಸ್ಟಾಕಿನ ಹಿಂತುದಿಯ ಕೊಯ್ದ ಮುಖಕ್ಕೂ ಹಚ್ಚಿ, ತೇವ ಒಳಗೆ ಹೋಗುವುದು ಅಲ್ಲಿಂದಲೇ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿ.