ಎನ್‌4 ಪಾಸಾಯಿತು, ಆದರೆ ಜಪಾನೀಸ್ ಕಿವಿಗೆ ಹತ್ತುತ್ತಿಲ್ಲ. ಡಿಸೆಂಬರ್‌ಗೆ ನೇರ ಎನ್‌2 ಬರೆಯಬಹುದಾ?

ಅರ್ಧಕಾಂಜಿ:

ನಮಸ್ಕಾರ. ಡಿಗ್ರಿ ಮೂರನೇ ವರ್ಷದಲ್ಲಿದ್ದೇನೆ. ಜಪಾನೀಸ್ ಶುರು ಮಾಡಿ ಒಂದೂವರೆ ವರ್ಷ ಆಯಿತು. ಕಳೆದ ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ, ಅಂದರೆ ಜಪಾನೀಸ್ ಭಾಷಾ ಪರೀಕ್ಷೆಯ ಎನ್‌4 ಹಂತ ಬರೆದೆ (ಎನ್‌5 ಎಲ್ಲಕ್ಕಿಂತ ಸುಲಭ, ಎನ್‌1 ಎಲ್ಲಕ್ಕಿಂತ ಕಷ್ಟ), 180ಕ್ಕೆ 112 ಬಂತು. ಮನೆಯವರು ಖುಷಿಪಟ್ಟರು. ನನಗೆ ಮಾತ್ರ ಅಂಕಪಟ್ಟಿ ನೋಡಿ ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಪದ, ವ್ಯಾಕರಣ, ಓದು ಸೇರಿ 120ಕ್ಕೆ 90. ಕೇಳುವ ಭಾಗದಲ್ಲಿ 60ಕ್ಕೆ 22. ಅಲ್ಲಿ 19ರ ಕೆಳಗೆ ಇಳಿದಿದ್ದರೆ ಒಟ್ಟು ಎಷ್ಟೇ ಬಂದರೂ ಫೇಲ್. ಮೂರು ಅಂಕದಲ್ಲಿ ಬಚಾವಾದೆ ಅಷ್ಟೇ.

ನನ್ನ ದಿನ ಹೀಗಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಆಂಕಿ ಆ್ಯಪ್‌ನಲ್ಲಿ ಪದಗಳ ಕಾರ್ಡು ತಿರುವುತ್ತೇನೆ, ದಿನಕ್ಕೆ 30 ಹೊಸ ಪದ ಅಂತ ಲೆಕ್ಕ ಇಟ್ಟುಕೊಂಡಿದ್ದೆ, ಕಾಲೇಜಿನ ಪರೀಕ್ಷೆ ಬಂದ ಹತ್ತು ದಿನ ಕೈ ಬಿಟ್ಟೆ, ಈಗ 870 ಕಾರ್ಡು ಬಾಕಿ ಅಂತ ತೋರಿಸುತ್ತಿದೆ, ಆ್ಯಪ್ ತೆರೆಯಲೇ ಭಯ. ಬಸ್ಸಿನಲ್ಲಿ ಪಾಡ್‌ಕಾಸ್ಟ್ ಹಾಕಿಕೊಳ್ಳುತ್ತೇನೆ, ಅದು ಮಳೆ ಸದ್ದಿನ ಥರ ಸುಮ್ನೆ ಹರಿದು ಹೋಗುತ್ತದೆ. ವಾರಕ್ಕೆ ಎರಡು ಸಂಜೆ ಆನ್‌ಲೈನ್ ಕ್ಲಾಸು. ರಾತ್ರಿ ಕಾಂಜಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು, ಒಂದೊಂದನ್ನು ಇಪ್ಪತ್ತು ಸಲ ಬರೆದು ಪುಸ್ತಕ ತುಂಬಿಸುತ್ತೇನೆ.

ಜಪಾನಿನಲ್ಲಿ ಮಾಸ್ಟರ್ಸ್ ಮಾಡಬೇಕು, ಆಮೇಲೆ ಅಲ್ಲೇ ಎರಡು ಮೂರು ವರ್ಷ ಕೆಲಸ ಮಾಡಬೇಕು ಅಂತ ಆಸೆ. ಅದಕ್ಕೆ ಎನ್‌3 ಬಿಟ್ಟು ಡಿಸೆಂಬರ್‌ಗೆ ನೇರ ಎನ್‌2 ಬರೆಯೋಣ ಅಂದುಕೊಂಡಿದ್ದೇನೆ. ಆಗುತ್ತದಾ? ನಿಜ ಹೇಳಿ, ಬೇಜಾರಿಲ್ಲ.

ನಿಧಾನಶ್ರೇಣಿ:

ಆಗಲ್ಲ. ಅಂದರೆ, ಬರೆಯಲು ಯಾರೂ ತಡೆಯುವುದಿಲ್ಲ, ಯಾವ ಹಂತಕ್ಕೂ ನೇರವಾಗಿ ಕೂರಬಹುದು. ಎನ್‌2ಗೆ 180ಕ್ಕೆ 90 ಬಂದರೆ ಸಾಕು ಅಂತ ನೋಡಿ ಸುಲಭ ಅನಿಸುತ್ತದೆ. ಆದರೆ ಅಲ್ಲಿ ಪದ-ವ್ಯಾಕರಣ, ಓದು, ಕೇಳುವುದು ಅಂತ ಮೂರು ಭಾಗ, ಮೂರರಲ್ಲೂ 19ರ ಗೆರೆ ದಾಟಬೇಕು. ಮೊದಲೆರಡು ಭಾಗ ಒಂದೇ ಪ್ರಶ್ನೆಪತ್ರಿಕೆ, 105 ನಿಮಿಷ. ನಾನು ಮೊದಲ ಸಲ ವ್ಯಾಕರಣಕ್ಕೆ ಗಂಟು ಬಿದ್ದು ಕೊನೆಯ ಎರಡು ದೊಡ್ಡ ಪ್ಯಾರಾ ಓದಲೇ ಇಲ್ಲ, ಕಣ್ಣು ಮುಚ್ಚಿ ಮೂರನೇ ಆಯ್ಕೆ ಗುರುತು ಮಾಡಿ ಬಂದೆ. ಆಮೇಲೆ 50 ನಿಮಿಷ ಕೇಳುವುದು. ಆಡಿಯೋ ಒಂದೇ ಸಲ ಹಾಕುತ್ತಾರೆ. ಎನ್‌4ರಲ್ಲೇ 22 ತೆಗೆದವರು ಅಲ್ಲಿ ಏನು ಮಾಡುತ್ತೀರಿ?

ಜುಲೈಗೆ ಎನ್‌3 ಬರೆಯಿರಿ. 870 ಕಾರ್ಡಿಗೆ ಮದ್ದು ಸುಲಭ: ಹೊಸ ಪದ ಸೊನ್ನೆಗೆ ಇಳಿಸಿ, ಹಳೆಯದು ದಿನಕ್ಕೆ 80-100 ತೀರಿಸಿ. ತೀರಿದ ಮೇಲೆ ದಿನಕ್ಕೆ 10ಕ್ಕಿಂತ ಜಾಸ್ತಿ ಇಡಬೇಡಿ. ಕಾಂಜಿ ಇಪ್ಪತ್ತು ಸಲ ಬರೆಯುವುದನ್ನು ನಿಲ್ಲಿಸಿ, ಈ ಪರೀಕ್ಷೆಯಲ್ಲಿ ಕೈಯಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ. ಬಿಡಿ ಕಾಂಜಿಯ ಉಚ್ಚಾರಗಳನ್ನು ಉರು ಹೊಡೆದೂ ಲಾಭವಿಲ್ಲ. ಭಾನುವಾರಕ್ಕೆ ‘ನಿಚಿಯೋಬಿ’ ಅನ್ನುತ್ತಾರಲ್ಲ, ಅದರ ಮೊದಲ ಅಕ್ಷರ ಮತ್ತು ಕೊನೆಯ ಅಕ್ಷರ ಒಂದೇ ಕಾಂಜಿ. ಒಂದು ಕಡೆ ‘ನಿಚಿ’, ಇನ್ನೊಂದು ಕಡೆ ‘ಬಿ’. ಪದದ ಜೊತೆ ಕಲಿತರೆ ಮಾತ್ರ ನಿಲ್ಲುತ್ತದೆ. ದಿನಬಳಕೆಯ ಕಾಂಜಿ ಅಂತ ಸರ್ಕಾರ ಪಟ್ಟಿ ಮಾಡಿರುವುದೇ 2136, ಎಲ್ಲವನ್ನೂ ಇಪ್ಪತ್ತು ಸಲ ಬರೆಯುತ್ತೀರಾ?

ಇನ್ನೊಂದು ಮಾತು. ಇಂಗ್ಲಿಷಿನಲ್ಲೇ ಪಾಠ ನಡೆಯುವ ಮಾಸ್ಟರ್ಸ್ ಕೋರ್ಸುಗಳು ಜಪಾನಿನಲ್ಲಿ ಬೇಕಾದಷ್ಟಿವೆ. ನೀವು ಸೇರಬೇಕಾದ ಕೋರ್ಸಿಗೆ ಎನ್‌2 ನಿಜವಾಗಲೂ ಬೇಕಾ ಅಂತ ಮೊದಲು ನೋಡಿ. ಡಿಸೆಂಬರ್ ಪರೀಕ್ಷೆಯ ಫಲಿತಾಂಶ ಬರುವುದು ಜನವರಿ ಕೊನೆಗೆ, ಅಷ್ಟರಲ್ಲಿ ಅರ್ಜಿಯ ದಿನ ಮುಗಿದಿದ್ದರೆ ಓದಿದ್ದೂ ಅವಸರಪಟ್ಟಿದ್ದೂ ಆ ವರ್ಷಕ್ಕೆ ದಂಡ. ಕೆಲಸ ಹುಡುಕುವಾಗ ಎನ್‌2 ಕೇಳುತ್ತಾರೆ, ಅದು ನಿಜ. ಅದಕ್ಕೆ ಇನ್ನೂ ಟೈಮಿದೆ.

ಒತ್ತಕ್ಷರ:

ಮೇಲಿನವರು ಪರೀಕ್ಷೆಯ ಬಗ್ಗೆ ಹೇಳಿದ್ದೆಲ್ಲ ಸರಿ. ನನ್ನ ಪ್ರಶ್ನೆ ಬೇರೆ. ಅರ್ಧಕಾಂಜಿ ಅವರೇ, ನಿಮ್ಮ ಕಾರ್ಡುಗಳ ಹಿಂದೆ ಅರ್ಥ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ ತಾನೇ? ನಾನೂ ಎರಡು ವರ್ಷ ಹಾಗೇ ಮಾಡಿದೆ. ಜಪಾನೀಸ್ ವಾಕ್ಯವನ್ನು ತಲೆಕೆಳಗು ಮಾಡಿ ಇಂಗ್ಲಿಷಿಗೆ ತರುವುದು, ಅಲ್ಲಿಂದ ಅರ್ಥ ಮಾಡಿಕೊಳ್ಳುವುದು. ಅಷ್ಟು ಹೊತ್ತಿಗೆ ಆಡಿಯೋದಲ್ಲಿ ಮುಂದಿನ ಮೂರು ವಾಕ್ಯ ಮುಗಿದಿರುತ್ತಿದ್ದವು.

ಒಂದು ದಿನ ‘ಇತ್ತೆ ಕಿಮಸು’ ಅನ್ನುವುದಕ್ಕೆ ಪುಸ್ತಕದಲ್ಲಿ ನಾಲ್ಕು ಸಾಲು ವಿವರಣೆ ಓದುತ್ತಿದ್ದೆ. ಮನೆಯಿಂದ ಹೊರಡುವಾಗ ಹೇಳುವ ಮಾತು, ಹೋಗು ಎಂಬ ಕ್ರಿಯಾಪದಕ್ಕೆ ಬರು ಎಂಬುದು ಸೇರಿದೆ, ಮರಳಿ ಬರುವ ಭಾವ ಇದೆ ಹೀಗೆಲ್ಲ. ಅಯ್ಯೋ, ಇದು ‘ಹೋಗಿ ಬರ್ತೀನಿ’! ಅಕ್ಷರಕ್ಕೆ ಅಕ್ಷರ ಅದೇ. ಎರಡು ವರ್ಷದಿಂದ ಬಾಗಿಲ ಮುಂದೆ ನಿಂತು ಕಿಟಕಿಯಿಂದ ಒಳಗೆ ಹತ್ತುತ್ತಿದ್ದೆ.

ಆಮೇಲೆ ಹುಡುಕುತ್ತಾ ಹೋದೆ, ಮುಗಿಯುವುದೇ ಇಲ್ಲ. ‘ತಬೆತೆ ಮಿಮಸು’ ಅಂದರೆ ತಿಂದು ನೋಡುತ್ತೇನೆ, ಅಲ್ಲಿರುವ ‘ಮಿರು’ ನಮ್ಮ ‘ನೋಡು’ವೇ. ‘ಷಿತೆ ಒಕು’ ಅಂದರೆ ಮಾಡಿ ಇಡು, ‘ಒಕು’ ಅಂದರೆ ಇಡುವುದು. ‘ತಬೆತೆ ಷಿಮತ್ತ’ ಅಂದರೆ ತಿಂದುಬಿಟ್ಟೆ. ‘ಕಿನೋ ಕತ್ತ ಹೊನ್’ ಅಂದರೆ ನಿನ್ನೆ ಕೊಂಡ ಪುಸ್ತಕ, ಪದಗಳ ಸಾಲೂ ಅದೇ, ಇಂಗ್ಲಿಷಿನಲ್ಲಿ ಹೇಳಬೇಕಾದರೆ ಪುಸ್ತಕವನ್ನು ಮುಂದೆ ತಂದು ಉಳಿದಿದ್ದನ್ನು ಹಿಂದೆ ನೇತುಹಾಕಬೇಕು. ‘ದರೆ’ ಯಾರು, ‘ದರೆಕ’ ಯಾರೋ, ‘ದರೆಮೊ’ ಯಾರೂ, ‘ದರೆದೆಮೊ’ ಯಾರಾದರೂ. ನಾವು ಕೊನೆಗೆ ಓ, ಊ, ಆದರೂ ಸೇರಿಸುತ್ತೇವೆ, ಅವರು ಕ, ಮೊ, ದೆಮೊ ಸೇರಿಸುತ್ತಾರೆ. ಏನು, ಏನೋ, ಏನೂ ಬೇಕಾದರೆ ‘ನನಿ, ನನಿಕ, ನನಿಮೊ’. ಇದನ್ನು ಇಂಗ್ಲಿಷಿನ ಕೋಷ್ಟಕ ಹಾಕಿ ಉರು ಹೊಡೆದಿದ್ದೆ ನಾನು. ನೆನೆಸಿಕೊಂಡರೆ ನಗು ಬರುತ್ತದೆ.

ಅಕ್ಷರಮಾಲೆ ನೋಡಿ. ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನಮ್ಮ ಕ ಚ ತ ನ ಪ ಮ ಯ ರ ವ ಸಾಲಿಗೂ ಅದಕ್ಕೂ ನಂಟಿದೆ. ಬೌದ್ಧ ಭಿಕ್ಷುಗಳು ಓದುತ್ತಿದ್ದ ಸಂಸ್ಕೃತದ ವರ್ಣಮಾಲೆಯ ಕ್ರಮ ಅದರ ಹಿಂದಿದೆ. ‘ಪ’ ಇರಬೇಕಾದ ಜಾಗದಲ್ಲಿ ‘ಹ’ ಯಾಕೆ ಬಂತು? ಬಹಳ ಹಿಂದೆ ಅವರ ‘ಹ’ ಕೂಡ ‘ಪ’ ಆಗಿತ್ತು. ನಮ್ಮ ಪಾಲು ಹಾಲಾದ ಹಾಗೆ! ಉದ್ದನೆಯ ವಸ್ತುಗಳನ್ನು ಎಣಿಸುವ ‘ಹೊನ್’ ಒಂದರ ಜೊತೆ ಸೇರಿದಾಗ ‘ಇಪ್ಪೊನ್’ ಆಗುತ್ತದಲ್ಲ, ಹಳೆಯ ‘ಪ’ ಅಲ್ಲಿ ಇನ್ನೂ ಅಡಗಿ ಕೂತಿದೆ.

ಈಗ ನಿಮ್ಮ ಕಿವಿಯ ವಿಷಯ. ನೀವು ಪುಸ್ತಕದ ಜಪಾನೀಸ್ ಕಲಿತಿದ್ದೀರಿ, ಪಾಡ್‌ಕಾಸ್ಟಿನಲ್ಲಿ ಯಾರೂ ಪುಸ್ತಕ ಮಾತಾಡುವುದಿಲ್ಲ. ‘ಮಾಡುತ್ತಾ ಇದ್ದೇನೆ’ ಅಂತ ಕಲಿತವರಿಗೆ ನಾವು ‘ಮಾಡ್ತಿದೀನಿ’ ಅಂದರೆ ತಿಳಿಯುತ್ತದಾ? ಅಲ್ಲೂ ಅದೇ. ‘ಷಿತೆ ಇರು’ ಬಾಯಲ್ಲಿ ‘ಷಿತೆರು’, ‘ಷಿತೆ ಒಕು’ ‘ಷಿತೊಕು’, ‘ತಬೆತೆ ಷಿಮತ್ತ’ ಹೋಗಿ ‘ತಬೆಚತ್ತ’. ತಿಂದುಬಿಟ್ಟೆ ಅನ್ನುವುದು ‘ತಿಂದ್ಬಿಟ್ಟೆ’ ಆದ ಹಾಗೆ. ಇಂಥ ಹದಿನೈದು ಇಪ್ಪತ್ತು ಮುದುಡಿದ ರೂಪಗಳನ್ನು ಪಟ್ಟಿ ಮಾಡಿ. ಆಮೇಲೆ ಎರಡೇ ನಿಮಿಷದ ಒಂದು ಮಾತುಕತೆ ತೆಗೆದುಕೊಂಡು ಬರಹ ಮುಂದಿಟ್ಟುಕೊಂಡು ಹತ್ತು ಸಲ ಕೇಳಿ. ಬಸ್ಸಿನಲ್ಲಿ ಒಂದು ಗಂಟೆ ಮಳೆ ಸದ್ದು ಕೇಳುವುದಕ್ಕಿಂತ ಅದು ಮೇಲು.

ಹ್ರಸ್ವ, ದೀರ್ಘ, ಒತ್ತಕ್ಷರ ನಮಗೆ ಹುಟ್ಟಿನಿಂದ ಬಂದಿವೆ. ಕತೆ ಬೇರೆ, ಕತ್ತೆ ಬೇರೆ ಅಂತ ಮಗುವಿಗೂ ಗೊತ್ತು. ‘ಕಿತೆ’ ಅಂದರೆ ಬಂದು, ‘ಕಿತ್ತೆ’ ಅಂದರೆ ಅಂಚೆಚೀಟಿ. ‘ಬಿರು’ ಕಟ್ಟಡ, ‘ಬೀರು’ ಬಿಯರ್ (ಬಟ್ಟೆ ಇಡುವ ಬೀರು ಅಲ್ಲ). ಎಷ್ಟೋ ಜನ ಕಲಿಯುವವರು ಇದನ್ನು ಹಿಡಿಯಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ ಪುಕ್ಕಟೆ.

ತಡರೈಲು:

ನಾನು ಜಪಾನಿನಲ್ಲೇ ಭಾಷಾ ಶಾಲೆಯಲ್ಲಿದ್ದೇನೆ. ಅರ್ಧ ದಿನ ಕ್ಲಾಸು, ಉಳಿದ ಹೊತ್ತು ‘ಬೈತೊ’, ಅಂದರೆ ಪಾರ್ಟ್‌ಟೈಮ್ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ತೆಗೆದುಕೊಂಡು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು, ಇಲ್ಲಿಗೆ ಬರುವ ಕನಸು ಇರುವವರು ಆ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಮೊದಲು ಗೋದಾಮಿನಲ್ಲಿ ಡಬ್ಬ ಜೋಡಿಸುವ ಕೆಲಸ ಹಿಡಿದೆ. ಆರು ತಿಂಗಳು ಬಾಯಿ ಬಿಡುವ ಅಗತ್ಯವೇ ಬರಲಿಲ್ಲ. ಎನ್‌3 ಪಾಸಾಗಿತ್ತು, ಆದರೆ ಕ್ಷೌರದ ಅಂಗಡಿಯಲ್ಲಿ ಕೂತು ಫೋಟೋ ತೋರಿಸುತ್ತಿದ್ದೆ! ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆ ಇಲ್ಲ, ಅದರ ಫಲ ಇದು. ಆಮೇಲೆ ಒಂದು ಅಂಗಡಿಯ ಕ್ಯಾಶ್ ಕೌಂಟರಿಗೆ ಬದಲಾಯಿಸಿದೆ. ಮೊದಲ ವಾರ ದಿನಾ ಬೆವರು.

ಚೀಲ ಬೇಕಾ ಅಂತ ಕೇಳಿದರೆ ಗಿರಾಕಿ ‘ದೈಜೋಬು ದೆಸು’ ಅನ್ನುತ್ತಾರೆ. ಸರಿ ಅಂದರು ಅಂತ ನಾನು ಚೀಲ ಕೊಡುತ್ತಿದ್ದೆ, ಅವರು ಕೈ ಆಡಿಸುತ್ತಿದ್ದರು. ಒತ್ತಕ್ಷರ ಅವರ ದಾರಿಯಲ್ಲಿ ಹೋಗಿದ್ದರೆ ಮೊದಲೇ ಹೊಳೆಯುತ್ತಿತ್ತು, ಅದು ನಮ್ಮ ‘ಪರವಾಗಿಲ್ಲ’. ಬೇಡ ಅನ್ನುವುದಕ್ಕೂ ಪರವಾಗಿಲ್ಲ, ಚೆನ್ನಾಗಿದೆ ಅನ್ನುವುದಕ್ಕೂ ಪರವಾಗಿಲ್ಲ. ‘ಕಂಗಾಎತೆ ಒಕಿಮಸು’, ಯೋಚನೆ ಮಾಡಿ ಇಟ್ಟಿರ್ತೀನಿ ಅಂತ ಯಾರಾದರೂ ಅಂದರೆ ಕಾಯುತ್ತಾ ಕೂರಬೇಡಿ, ನಾವು ‘ನೋಡೋಣ’ ಅಂದು ಜಾರಿಕೊಳ್ಳುವ ಹಾಗೆ ಅದು.

ದಿನಾ ಹತ್ತು ನಿಮಿಷ ಜೋರಾಗಿ ಮಾತಾಡಿ, ಗೋಡೆಯ ಜೊತೆಯಾದರೂ ಸರಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲು ಹಿಂಸೆ ಆಗುತ್ತದೆ.

ಮೂಗುದಾರ:

ಕನ್ನಡದಿಂದಲೇ ಜಪಾನೀಸ್ ಬಂದುಬಿಡುತ್ತದೆ ಅನ್ನುವ ಹಾಗೆ ಬರೆಯುತ್ತಿದ್ದೀರಲ್ಲ, ಸ್ವಲ್ಪ ಮೂಗುದಾರ ಹಾಕುತ್ತೇನೆ. ಪದದ ಕೊನೆಗೆ ಅಂಟುವ ‘ವ’ ಮತ್ತು ‘ಗ’ ಪ್ರತ್ಯಯಗಳ ವ್ಯತ್ಯಾಸಕ್ಕೆ ಕನ್ನಡದಲ್ಲಿ ಏನಿದೆ? ‘ವತಷಿ ವ’, ‘ವತಷಿ ಗ’ ಎರಡಕ್ಕೂ ‘ನಾನು’ ಅಷ್ಟೇ. ಅದನ್ನು ಅವರದೇ ನಿಯಮದಿಂದ ಕಲಿಯಬೇಕು. ಉದಾಹರಣೆಗೆ ಯಾರು, ಏನು ಎಂಬ ಪ್ರಶ್ನೆಪದದ ಮುಂದೆ ‘ವ’ ಬರುವುದೇ ಇಲ್ಲ, ‘ದರೆ ಗ’ ಸರಿ, ‘ದರೆ ವ’ ತಪ್ಪು. ಕೊಡುವುದಕ್ಕೆ ನಮಗೆ ಒಂದೇ ಪದ. ಅವರು ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’. ನಮಗೆ ಇದು, ಅದು ಎರಡೇ, ಅವರಿಗೆ ನಿನ್ನ ಹತ್ತಿರ ಇರುವುದಕ್ಕೆ ಇನ್ನೊಂದು ಬೇಕು: ‘ಕೊರೆ, ಸೊರೆ, ಅರೆ’. ‘ನೀವು’ ಅಂತ ಸಿಕ್ಕಸಿಕ್ಕಲ್ಲಿ ‘ಅನತ’ ಹಾಕಬೇಡಿ, ಹೆಸರಿಗೆ ‘ಸನ್’ ಸೇರಿಸಿ ಕರೆಯಿರಿ. ಇನ್ನು ‘ಅಮೆ’ ಅನ್ನುವ ಪದ ದನಿ ಮೇಲಿಂದ ಇಳಿದರೆ ಮಳೆ, ಕೆಳಗಿಂದ ಏರಿದರೆ ಮಿಠಾಯಿ. ಆ ಏರಿಳಿತಕ್ಕೆ ನಮ್ಮ ಕಿವಿ ಕಿವುಡು.

ಕೊನೆಗೆ, ದಯವಿಟ್ಟು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯಬೇಡಿ. ಉಚ್ಚಾರ ಬರೆಯುವ ಅವರ ಎರಡು ಲಿಪಿಗಳಲ್ಲಿ ಹಿರಗಾನ ಇರುವುದು 46 ಅಕ್ಷರ, ಕತಕಾನ 46.

ಒತ್ತಕ್ಷರ:

ಲಿಪಿ ಮಾತು ಒಪ್ಪಿದೆ. ‘ವ, ಗ’ದಲ್ಲಿ ನಾನು ಇವತ್ತಿಗೂ ಎಡವುತ್ತೇನೆ. ಆದರೆ ಮೂಗುದಾರ ಅವರೇ, ನೀವು ಹೇಳಿದ ಯಾವುದಕ್ಕೂ ಇಂಗ್ಲಿಷಿನಲ್ಲೂ ಉತ್ತರ ಇಲ್ಲವಲ್ಲ! ಹೇಗಿದ್ದರೂ ಹೊಸದಾಗಿ ಕಲಿಯಬೇಕಾದದ್ದು ಅದು. ಉಳಿದಿದ್ದನ್ನು ಯಾಕೆ ಕಷ್ಟಪಟ್ಟು ಕಲಿಯಬೇಕು?

ಅರ್ಧಕಾಂಜಿ:

ಹನ್ನೆರಡು ದಿನ ಆಯಿತು. ಜುಲೈಗೆ ಎನ್‌3 ಅರ್ಜಿ ಹಾಕಿದೆ. ಕಾರ್ಡು 870ರಿಂದ 140ಕ್ಕೆ ಇಳಿದಿದೆ. ತೀರಿಸುವಾಗ ಸಿಕ್ಕ ಒಂದೊಂದರ ಹಿಂದೆಯೂ ಇಂಗ್ಲಿಷ್ ಅಳಿಸಿ ಕನ್ನಡ ಹಾಕುತ್ತಾ ಬಂದೆ, ಅದಕ್ಕೇ ಇಷ್ಟು ನಿಧಾನ. ನನ್ನ ಕೋರ್ಸಿಗೆ ಜಪಾನೀಸ್ ಪ್ರಮಾಣಪತ್ರ ಕೇಳುವುದೇ ಇಲ್ಲ ಅಂತಲೂ ಗೊತ್ತಾಯಿತು, ನಿಧಾನಶ್ರೇಣಿ ಅವರಿಗೆ ಥ್ಯಾಂಕ್ಸ್, ಸ್ವಲ್ಪ ನಾಚಿಕೆಯೂ ಆಯಿತು.

ನಿನ್ನೆ ಒಂದು ಮಾತುಕತೆಯನ್ನು ಹನ್ನೊಂದನೇ ಸಲ ಕೇಳುವಾಗ ‘ವಸುರೆಚತ್ತ’ ಅಂತ ತಾನಾಗಿ ಕಿವಿಗೆ ಬಿತ್ತು. ಮರೆತ್ಬಿಟ್ಟೆ! ಬರಹ ನೋಡಿರಲಿಲ್ಲ.

ಒಂದು ಅನುಮಾನ. ‘ಇತ್ತೆ ಕಿಮಸು’ ಅಂದವರಿಗೆ ಮನೆಯೊಳಗಿರುವವರು ‘ಇತ್ತೆರಷ್ಷೈ’ ಅನ್ನುತ್ತಾರಲ್ಲ, ಅದು ‘ಹೋಗಿ ಬಾ’ ನಾ?

ಒತ್ತಕ್ಷರ:

ಅದೇ, ಆದರೆ ಒಂದು ಮೆಟ್ಟಿಲು ಮೇಲೆ. ‘ಇತ್ತೆ’ಗೆ ‘ಇರಷ್ಷೈ’ ಸೇರಿ ಮುದುಡಿದೆ. ‘ಇರಷ್ಷರು’ ಅನ್ನುವುದು ಬರು, ಹೋಗು, ಇರು ಮೂರಕ್ಕೂ ಗೌರವದ ರೂಪ, ನಮ್ಮ ‘ದಯಮಾಡಿಸಿ’ ಥರ. ಹಾಗಾಗಿ ‘ಹೋಗಿ ಬನ್ನಿ’ ಅಂತ ಬರೆದುಕೊಳ್ಳಿ. ಮನೆಯಲ್ಲಿ ಮಕ್ಕಳಿಗೂ ಹಾಗೇ ಅನ್ನುತ್ತಾರೆ.