ಕೆನ್ನೆ ಬತ್ತಿದೆ, ಕೊಲಾಜನ್ ಬೆಳೆಸುವ ಇಂಜೆಕ್ಷನ್ ಮಾಡಿಸಲಾ? ಮದುವೆಗೆ 24 ದಿನ ಇದೆ

ಕೌಂಟರ್_ಮೂರು
ನನಗೆ 47. ದಾವಣಗೆರೆ, ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್ ಕೆಲಸ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಹೆದರಿ ಒಂದೂವರೆ ವರ್ಷದಲ್ಲಿ 13 ಕೆ.ಜಿ. ಇಳಿಸಿದೆ. ಹೊಟ್ಟೆ ಇಳಿಯಲಿ ಅಂತ ನಡೆದರೆ ಮೊದಲು ಇಳಿದದ್ದು ಕೆನ್ನೆ! ಪಿಂಚಣಿಗೆ ಬರುವ ಅಜ್ಜ ಒಬ್ಬರು ಮೊನ್ನೆ "ಏನಮ್ಮಾ, ಜ್ವರ ಬಂದಿತ್ತಾ?" ಅಂದರು. ಅವತ್ತು ನೋಟು ಎರಡು ಸಲ ಎಣಿಸಿದೆ.

ಚರ್ಮದ ಡಾಕ್ಟರಿಗೆ ತೋರಿಸಿದೆ. ಫಿಲ್ಲರ್ (ಚುಚ್ಚಿದ ಕೂಡಲೇ ಕೆನ್ನೆ ತುಂಬಿಸುವ ಜೆಲ್) ಬೇಡ, ಕೊಲಾಜನ್ (ಚರ್ಮವನ್ನು ಬಿಗಿಯಾಗಿ ಹಿಡಿಯುವ ಪ್ರೋಟೀನ್) ಬೆಳೆಸುವ ಇಂಜೆಕ್ಷನ್ ತಗೊಳ್ಳಿ, ಮೂರು ಸಿಟ್ಟಿಂಗ್ ಆಗುತ್ತದೆ ಅಂದರು. ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್ ಅಂತೆ. ಅಣ್ಣನ ಮಗಳ ಮದುವೆಗೆ ಇನ್ನು 24 ದಿನ. ಅಷ್ಟರಲ್ಲಿ ಮುಖ ತುಂಬಿಕೊಳ್ಳುತ್ತದಾ? ಇನ್ನೊಂದು, ನಾವು ಮೀನು-ಮಾಂಸ ಮುಟ್ಟದವರು. ಇದನ್ನು ಮೀನಿನಿಂದ ಮಾಡುತ್ತಾರೆ ಅಂತ ತಂಗಿ ಹೇಳುತ್ತಾಳೆ. ನಿಜವಾ?

ಬೆಣ್ಣೆದೋಸೆ_77
ಅಕ್ಕಾ, ಸುಮ್ನೆ ದುಡ್ಡು ದಂಡ. ಕೊಲಾಜನ್ ಪುಡಿ ಸಿಗುತ್ತದೆ, ಹಾಲಿಗೆ ಹಾಕಿ ಕುಡಿಯಿರಿ. ನಮ್ಮ ಅತ್ತಿಗೆ ಕುಡಿಯುತ್ತಾರೆ, ಮುಖ ಫಳಫಳ.

ಸರಸ್ವತಿಪುರಂ_ಸೊಸೆ
ಬೆಣ್ಣೆದೋಸೆಯವರೇ, ಆ ಪುಡಿ ದನದ ಚರ್ಮದ್ದು, ಇಲ್ಲವೇ ಮೀನಿನ ಚರ್ಮದ್ದು. ಅಕ್ಕ ಕೇಳಿದ್ದೇ ಅದನ್ನ ಅಲ್ವಾ? ನಿಮ್ಮ ಅತ್ತಿಗೆಗೂ ಒಂದು ಮಾತು ಹೇಳಿಬಿಡಿ.

ಅಕ್ಕಾ, ನಾನು ಇದನ್ನು ಮೂರು ಸಿಟ್ಟಿಂಗ್ ಮಾಡಿಸಿಕೊಂಡವಳು. ಮದುವೆಗೆ ಆಗುವುದಿಲ್ಲ. ಫಿಲ್ಲರ್ ಅಂದರೆ ಅಂಗಡಿಯಿಂದ ಮೊಸರಿನ ಪ್ಯಾಕೆಟ್ ತಂದ ಹಾಗೆ, ಕತ್ತರಿಸಿದರೆ ಆಯಿತು. ಇದು ಹಾಲಿಗೆ ಹೆಪ್ಪು ಹಾಕುವ ಕೆಲಸ. ಚರ್ಮದ ಕೆಳಗೆ ಸಣ್ಣ ಸಣ್ಣ ಕಣ ಹೋಗಿ ಕೂರುತ್ತವೆ. ಯಾರೋ ಹೊರಗಿನವರು ಬಂದರು ಅಂತ ಮೈ ಅವುಗಳನ್ನು ಸುತ್ತುವರಿಯುತ್ತದೆ, ಆ ಗಲಾಟೆಯಲ್ಲಿ ಹೊಸ ಕೊಲಾಜನ್ ಕಟ್ಟಿಕೊಳ್ಳುತ್ತದೆ. ಕಣ ನಿಧಾನಕ್ಕೆ ಕರಗಿ ಹೋಗುತ್ತದೆ. ಆಪರೇಷನ್‌ನಲ್ಲಿ ಹಾಕುವ ಕರಗುವ ಹೊಲಿಗೆ ದಾರ ಇದೆಯಲ್ಲ, ಅದೇ ಜಾತಿಯ ವಸ್ತು. ನನಗೆ ವ್ಯತ್ಯಾಸ ಕಂಡದ್ದು ಮೂರನೇ ತಿಂಗಳಲ್ಲಿ. ಈಗ 14 ತಿಂಗಳಾಯಿತು, ಇನ್ನೂ ಇದೆ.

ಮೋಸ ಹೋಗುವುದು ಮೊದಲ ದಿನ. ಸೀಸೆಯಲ್ಲಿ ಬಿಳೀ ಪುಡಿ ಇರುತ್ತದೆ, ಅದಕ್ಕೆ ನೀರು ಬೆರೆಸಿ ಚುಚ್ಚುತ್ತಾರೆ. ಮನೆಗೆ ಬಂದು ಕನ್ನಡಿ ನೋಡಿದರೆ ಕೆನ್ನೆ ಇಪ್ಪತ್ತೈದರ ಹುಡುಗಿಯದು. ನಾನು ಸೆಲ್ಫಿ ತೆಗೆದು ನಮ್ಮ ಅಕ್ಕನಿಗೆ ಕಳಿಸಿಯೂ ಬಿಟ್ಟೆ. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಎಲ್ಲಾ ಮಾಯ. ಅದು ಬರೀ ನೀರು ಮತ್ತು ಊತ. ಅತ್ತೇಬಿಟ್ಟೆ.

ಆಮೇಲೆ ಮಸಾಜ್. ದಿನಕ್ಕೆ ಐದು ಸಲ, ಸಲಕ್ಕೆ ಐದು ನಿಮಿಷ, ಐದು ದಿನ. ಕಣಗಳು ಒಂದೇ ಕಡೆ ಗುಂಪು ಕಟ್ಟಬಾರದು ಅಂತ. ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು ಕೆನ್ನೆ ಉಜ್ಜುತ್ತಾ ಕೂತಿದ್ದರೆ ನಮ್ಮೆಜಮಾನರು "ಹಲ್ಲು ನೋವಾ? ಲವಂಗ ಇಟ್ಕೋ" ಅಂದರು. ಹೂಂ ಅಂದೆ. ಇವತ್ತಿಗೂ ಅವರಿಗೆ ಗೊತ್ತಿಲ್ಲ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ಸಿಟ್ಟಿಂಗ್ ಆಫರ್ ಇದೆ ಅಂತ ಒಂದು ಕಡೆ ಮಾಡಿಸಿದೆ. ಪುಡಿ ಯಾವಾಗ ಬೆರೆಸಿದರೋ, ಎಷ್ಟು ನೀರು ಹಾಕಿದರೋ ನೋಡಲಿಲ್ಲ. ಎರಡು ತಿಂಗಳಿಗೆ ಮುಖ ತೊಳೆಯುವಾಗ ಎಡಗೆನ್ನೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಬೇರೆ ಡಾಕ್ಟರ್ ಹತ್ತಿರ ಓಡಿದೆ. ಹಯಲ್ಯುರಾನಿಕ್ ಆಸಿಡ್ ಫಿಲ್ಲರ್ ಆಗಿದ್ದರೆ ಕರಗಿಸಲು ಇಂಜೆಕ್ಷನ್ ಇದೆ, ಇದಕ್ಕೆ ಹಾಗೆ ಇಲ್ಲ, ಕಾಯಬೇಕು ಅಂದರು. ಈಗ ಸಾಸಿವೆಯಷ್ಟಾಗಿದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ದಿನಾ ಮುಟ್ಟಿ ನೋಡುವುದು ಅಭ್ಯಾಸವೇ ಆಗಿಹೋಗಿದೆ. ಉಳಿದೆರಡು ಸಿಟ್ಟಿಂಗ್ ಈ ಡಾಕ್ಟರ್ ಹತ್ತಿರವೇ.

ಮೀನಿನ ವಿಷಯ: ನಿಮ್ಮ ತಂಗಿ ಹೇಳಿದ್ದು ಬೇರೆ ಇಂಜೆಕ್ಷನ್. ಪಾಲಿನ್ಯೂಕ್ಲಿಯೊಟೈಡ್ ಅಂತ, ಕೊರಿಯಾದಲ್ಲಿ ಜಾಸ್ತಿ. ಅದನ್ನು ಸಾಲ್ಮನ್ ಮೀನಿನ ವೀರ್ಯದಿಂದ ತೆಗೆಯುತ್ತಾರೆ. (ಇದನ್ನು ಮದುವೆ ಮನೆಯಲ್ಲಿ ಹೇಳಬೇಡಿ.) ನಿಮ್ಮದು ಕಾರ್ಖಾನೆಯಲ್ಲಿ ಮಾಡಿದ್ದು. ಮೊಸರು ಹುಳಿಯಾಗುವುದು ಲ್ಯಾಕ್ಟಿಕ್ ಆಸಿಡ್‌ನಿಂದ ಅಲ್ವಾ, ಅದನ್ನೇ ಸರಪಳಿಯ ಹಾಗೆ ಜೋಡಿಸಿದ್ದು.

ಸಿಸ್ಟರ್_ಶಿವಮೊಗ್ಗ
ಚರ್ಮದ ಕ್ಲಿನಿಕ್‌ನಲ್ಲಿ ನರ್ಸ್ ನಾನು. ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಸೌಂದರ್ಯಕ್ಕಲ್ಲ, ಎಚ್‌ಐವಿ ಇದ್ದು ಕೆನ್ನೆಯ ಕೊಬ್ಬು ಕರಗಿದವರಿಗೆ. ಸುಕ್ಕಿಗೆ ಅಂತ ಒಪ್ಪಿಗೆ ಬಂದದ್ದು 2009ರಲ್ಲಿ. ಹಾಗಾಗಿ ನಿಮ್ಮಂಥ ಬತ್ತಿದ ಕೆನ್ನೆಗೆ ಡಾಕ್ಟರ್ ಹೇಳಿದ್ದು ತಪ್ಪಲ್ಲ.

ಆದರೆ ತೂಕ ಇನ್ನೂ ಇಳಿಯುತ್ತಿದೆಯಾ? ಹಾಗಿದ್ದರೆ ಅದು ಒಂದು ಕಡೆ ನಿಲ್ಲಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೀರಾ, ಗಾಯದ ಕಲೆ ಉಬ್ಬಿ ಬೆಳೆಯುತ್ತದಾ, ಲೂಪಸ್ ಥರದ (ಮೈಯ ರಕ್ಷಣಾ ಶಕ್ತಿ ಮೈಯ ಮೇಲೇ ತಿರುಗಿಬೀಳುವ) ಕಾಯಿಲೆ ಇದೆಯಾ, ಎಲ್ಲಾ ಮೊದಲೇ ಹೇಳಿ. ಸೀಸೆಯನ್ನು ನಿಮ್ಮೆದುರಿಗೆ ತೋರಿಸಲಿ. ಪಾರ್ಲರ್‌ನಲ್ಲಿ ಮಾತ್ರ ಬೇಡ. ಮದ್ದು ರಕ್ತನಾಳದೊಳಗೆ ಹೋದರೆ ಅಲ್ಲಿ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಚುಚ್ಚಿದಾಗ ವಿಪರೀತ ನೋವು, ಚರ್ಮ ಬಿಳಿಚಿಕೊಳ್ಳುವುದು, ಕಣ್ಣು ಮಂಜಾಗುವುದು ಆದರೆ ಆ ಕ್ಷಣವೇ ಹೇಳಿ. ಮನೆಗೆ ಹೋಗಿ ನೋಡೋಣ ಅನ್ನಬೇಡಿ.

ಕೌಂಟರ್_ಮೂರು
ತೂಕ ಮೂರು ತಿಂಗಳಿಂದ ಅಲ್ಲೇ ನಿಂತಿದೆ ಸಿಸ್ಟರ್. ಮಾತ್ರೆ ಯಾವುದೂ ಇಲ್ಲ. ಮದುವೆಗೆ ಹೀಗೇ ಹೋಗುತ್ತೇನೆ, ಯಾರಾದರೂ ಜ್ವರವಾ ಅಂದರೆ ಹೌದು ಅನ್ನುತ್ತೇನೆ. ಬೀಗರೂಟ ಮುಗಿದ ಮೇಲೆ ಡಾಕ್ಟರಿಗೆ ಫೋನ್. ಸೊಸೆಯವರೇ, ಮಸಾಜ್‌ಗೆ ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಸರಸ್ವತಿಪುರಂ_ಸೊಸೆ
ಸೂಜಿ ಚುಚ್ಚಿದ ಜಾಗ ಆರುವ ತನಕ ಎಣ್ಣೆ ಬೇಡ. ನನಗೆ ಡಾಕ್ಟರೇ ಒಂದು ಕ್ರೀಮ್ ಕೊಟ್ಟಿದ್ದರು, ನಿಮ್ಮವರನ್ನೂ ಕೇಳಿ. ಮತ್ತೆ ಕೌಂಟರ್‌ನಲ್ಲಿ ಐದು ನಿಮಿಷ ಹೇಗೆ ಉಜ್ಜುತ್ತೀರಿ? ಬ್ಯಾಂಕಿಗೆ ಶನಿವಾರ ರಜೆ ಇರುವ ವಾರ ನೋಡಿ ಶುಕ್ರವಾರ ಸಂಜೆ ಮಾಡಿಸಿ, ಎರಡು ದಿನವಾದರೂ ಮನೆಯಲ್ಲೇ ಕಳೆಯುತ್ತದೆ. ಸೋಮವಾರಕ್ಕೆ ಲವಂಗ ಇಟ್ಟುಕೊಂಡು ಹೋಗಿ.